ಹದಿನಾಲ್ಕನೇ ಪಂಜರದ ಹತ್ತಿ

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಗಾದೆ.
ನಮ್ಮ ಸಂಡೂರಿನ ಕಡೆ ಬೆಟ್ಟ ಅಗೆದದ್ದಂತೂ ನಿಜ.
ಇಲಿ ಮಾತ್ರ ಬೇರೆ ದಾರಿಯಲ್ಲಿ ಬಂತು:
ವಿಮಾನದಲ್ಲಿ, ಆಮೇಲೆ ಏಸಿ ವ್ಯಾನಿನಲ್ಲಿ,
ಬಳ್ಳಾರಿಯ ನಲವತ್ತಮೂರು ಡಿಗ್ರಿ ಬಿಸಿಲಿಗೆ
ಒಂದು ಗಳಿಗೆಯೂ ಮೈಯೊಡ್ಡದೆ
ಕಾಲೇಜಿನ ನೆಲಮಾಳಿಗೆಗೆ ಇಳಿಯಿತು.

ನನ್ನ ಕೆಲಸ ಪಂಜರ ತೊಳೆಯುವುದು.
ನೀರಿನ ಬಾಟಲಿ, ಕಾಳಿನ ತೂಕ, ಮರದ ಹೊಟ್ಟು,
ಪಂಜರಕ್ಕೊಂದು ಚದರ ಹತ್ತಿ.
ಸಂಬಳ ಹನ್ನೊಂದು ಸಾವಿರ, ಗುತ್ತಿಗೆ.

ಮೇಡಂ ಮೊದಲ ದಿನವೇ ಹೇಳಿದರು:
"ಎರ್ರೆಮ್ಮ, ಈ ಸಾಲಿನ ಇಲಿಗಳ ಮಿದುಳಲ್ಲಿ
ಒಂದು ಜಾತಿಯ ಗ್ರಾಹಕಗಳು ಕಡಿಮೆ.
ಹತ್ತು ಇರಬೇಕಾದ ಕಡೆ ಒಂದು."
ಗ್ರಾಹಕ ಅಂದರೆ ನನಗೆ
ಕೌಲ್ ಬಜಾರಿನ ಜೀನ್ಸ್ ಅಂಗಡಿಯ ಬೋರ್ಡಿನಲ್ಲಿ
ದೇವರಾಗಿ ಕೂತವನು.
ಸರಿ ಅಂದುಕೊಂಡೆ: ಮಾಲು ಲಾರಿಗಟ್ಟಲೆ ಬರುತ್ತದೆ,
ಇಳಿಸಿಕೊಳ್ಳುವವರಿಲ್ಲ, ಬಾಗಿಲಲ್ಲೇ ರಾಶಿ.
ಅಷ್ಟು ತಿಳಿಯಿತು. ಅಷ್ಟನ್ನು ಮನೆಯಲ್ಲೂ ಕಂಡಿದ್ದೆ.

ಗಾದಿಲಿಂಗ, ನನ್ನ ತಮ್ಮ,
ಗಣಿ ಗೇಟಿನಲ್ಲಿ ಟಿಪ್ಪರ್ ಲೆಕ್ಕ ಬರೆಯುತ್ತಿದ್ದ.
ಇಪ್ಪತ್ತೆರಡು ತುಂಬುವಷ್ಟರಲ್ಲಿ ನಂಬರ್ ಪ್ಲೇಟುಗಳು
ಅವನನ್ನು ಹೆಸರು ಹಿಡಿದು ಕರೆಯತೊಡಗಿದವು.
ಅವ್ವ ತಾಯಿತ ಕಟ್ಟಿಸಿದಳು. ಅಪ್ಪ ಬಡಿದ.
ನಾನು ಗುಳಿಗೆ ಚೀಟಿ ಹಿಡಿದು ಸಾಲಿನಲ್ಲಿ ನಿಂತೆ,
ಈ ಕೆಲಸದ ನೋಟೀಸು ಓದಿದ್ದು ಆ ಸಾಲಿನಲ್ಲೇ.

ಮೇಡಂ ಒಂದು ಪರೀಕ್ಷೆ ಮಾಡುತ್ತಾರೆ.
ದೊಡ್ಡ ಸದ್ದಿಗೆ ಮುಂಚೆ ಒಂದು ಸಣ್ಣ ಸದ್ದು.
ಸಣ್ಣದನ್ನು ಕೇಳಿದ ಇಲಿ ದೊಡ್ಡದಕ್ಕೆ ಅಷ್ಟು ಬೆಚ್ಚುವುದಿಲ್ಲ.
ಈ ಸಾಲಿನವು ಹಾಗಲ್ಲ,
ಪ್ರತಿ ಸಲವೂ ಮೊದಲ ಸಲದಂತೆ ಹಾರಿ ಬೀಳುತ್ತವೆ.

ಆಗ ನಾವು ಗಣಿಯ ಬುಡದಲ್ಲೇ ಇದ್ದೆವು.
ಮಧ್ಯಾಹ್ನ ಒಂದಕ್ಕೆ ಸೈರನ್, ಆಮೇಲೆ ಬ್ಲಾಸ್ಟಿಂಗ್.
ತಟ್ಟೆ ನಡುಗುತ್ತಿತ್ತು,
ನಾವು ತುತ್ತು ಬಿಡದೆ ಉಣ್ಣುತ್ತಿದ್ದೆವು.
ಅವನೊಬ್ಬ ಗೋಡೆಗೆ ಬೆನ್ನು ಕೊಟ್ಟು ನಿಂತು,
"ಯಾಕ ಯಾರೂ ಮೊದ್ಲೇ ಹೇಳ್ಲಿಲ್ಲ?"

ಹತ್ತಿಯ ಲೆಕ್ಕ ಬೇರೆ.
ಸಂಜೆ ಕೊಟ್ಟ ಚದರವನ್ನು ಬೆಳಗಿನೊಳಗೆ ಕಿತ್ತು
ಗುಂಡಗೆ ಗೂಡು ಕಟ್ಟಿದರೆ ಐದು ಅಂಕ.
ಮುಟ್ಟದಿದ್ದರೆ ಒಂದು.
ಹದಿನಾಲ್ಕನೇ ಪಂಜರದ್ದು ಮೂರು ವಾರವೂ ಒಂದೇ.
ಹತ್ತಿಯ ಪಕ್ಕದಲ್ಲೇ, ಬರಿಯ ಹೊಟ್ಟಿನ ಮೇಲೆ,
ಯಾರದೋ ಮನೆಗೆ ಬಂದವರಂತೆ ಮುದುಡಿ ಮಲಗುತ್ತಿತ್ತು.

ಒಂದು ರಾತ್ರಿ ಪಾಳಿ.
ಅಜ್ಜಿಯ ಕುರುಗೋಡಿನ ಕರಿ ಹೊಲದಲ್ಲಿ
ಹತ್ತಿ ಬಿಡಿಸಿ ಬೆಳೆದ ಕೈ ನನ್ನದು.
ಗವಸು ತೆಗೆದೆ. ಎಳೆ ಎಳೆಯಾಗಿ ಹಿಂಜಿದೆ.
ಅರ್ಧ ಬೊಗಸೆಯಷ್ಟು ಗೂಡು, ಸುತ್ತ ಸಣ್ಣ ದಂಡೆ.
ಇಲಿ ಮೂಸಿತು. ಹೋಗಿ ಬಂತು. ಮತ್ತೆ ಮೂಸಿ
ಒಳಗಿಳಿಯಿತು.

ಬೆಳಿಗ್ಗೆ ಪಿ.ಜಿ. ಹುಡುಗ ಜಂಬಣ್ಣ ಕೂಗಿದ:
"ಮೇಡಂ, ನಾಲ್ಕು! ಔಷಧ ಕೊಟ್ಟ ಆರನೇ ದಿನಕ್ಕೆ ನಾಲ್ಕು!"
ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.
ಔಷಧ ಶುರುವಾದದ್ದೇ ನನಗೆ ಗೊತ್ತಿರಲಿಲ್ಲ.
ಮಧ್ಯಾಹ್ನದವರೆಗೆ ತಡೆದೆ. ಬುತ್ತಿ ಬಿಚ್ಚಲಿಲ್ಲ.
ನಾಳೆ ಇದೇ ಔಷಧಿಯ ಚೀಟಿ ಹಿಡಿದು
ಯಾರೋ ಒಬ್ಬ ಅಕ್ಕ ಸಾಲಿನಲ್ಲಿ ನಿಂತಾಳು.
ಹೋಗಿ ಹೇಳಿದೆ: "ಅದು ಕಟ್ಟಿದ್ದಲ್ಲ ಮೇಡಂ, ನಾ ಕಟ್ಟಿದ್ದು."

ಬೈದರು. ಅದು ಇರಲಿ.
ನಾಲ್ಕರ ಮೇಲೆ ಕೆಂಪು ಗೀಟು ಬಿತ್ತು.
ಹದಿನಾಲ್ಕನ್ನೇ ಲೆಕ್ಕದಿಂದ ತೆಗೆದರು.
ಲೆಕ್ಕ ಬಿಟ್ಟ ಇಲಿಯನ್ನು ಏನು ಮಾಡುತ್ತಾರೆ
ಎಂದು ನನ್ನನ್ನು ಕೇಳಬೇಡಿ.

ಮನೆಯಲ್ಲಿ, ದಿನಾ ನಸುಕಿನಲ್ಲಿ,
ತಮ್ಮ ಎದ್ದು ಅಂಗಳಕ್ಕೆ ಹೋದ ಮೇಲೆ
ಅವನ ಚಾದರ ಮಡಚಿ ತಲೆದಿಂಬಿನ ಮೇಲಿಡುತ್ತೇನೆ,
ಅಂಚಿಗೆ ಅಂಚು ಕೂಡಿಸದೆ, ತುಸು ಸೊಟ್ಟಗೆ,
ಗಂಡಸು ಮಡಚಿದಂತೆ.
ಅವ್ವ ನೋಡಿ, ಕಸಬರಿಗೆ ಹಿಡಿದುಕೊಂಡೇ
ಪಕ್ಕದ ಸುಂಕಮ್ಮಗೆ ಕೂಗುತ್ತಾಳೆ:
"ಇವತ್ತೂ ಹಾಸಿಗಿ ತಾನೇ ಮಡಚ್ಯಾನ ನೋಡು!"
ನಾನು ಬಾಗಿಲಲ್ಲಿ ನಿಂತು
ಆಟೋದ ಚಿಲ್ಲರೆ ಎಣಿಸುತ್ತೇನೆ.